ಮಸಿ ಹತ್ತದ ಜಾಗ

ಬೆಂಕಿ ಹೇಗೆ ಹತ್ತಿತು ಎಂದು ಬೂದಿ ಕೆದಕಿ ಹೇಳುವುದು ನನ್ನ ಕೆಲಸ. ಇಷ್ಟು ವರ್ಷದಲ್ಲಿ ದೆವ್ವ ಹಾಗಿರಲಿ, ಅದರ ಬಾಲವೂ ಸಿಕ್ಕಿಲ್ಲ. ಆದರೆ ಈ ಒಂದು ವರದಿಯನ್ನು ಮಾತ್ರ ಇನ್ನೂ ಬರೆದು ಮುಗಿಸಲಾಗಿಲ್ಲ.

ಆಭರಣದ ಅಂಗಡಿ ಸುಟ್ಟು ಮೂರು ದಿನವಾಗಿತ್ತು. ತಿಜೋರಿ ದೋಚಿದ ಕಳ್ಳರು, ಗುರುತು ಅಳಿಸಲು ಸೀಮೆಎಣ್ಣೆ ಸುರಿದು ಹೋಗಿದ್ದರು. ಒಳಕೋಣೆಯ ಗೋಡೆಯೆಲ್ಲ ಮಸಿ. ಒಂದು ಕಡೆ ಮಾತ್ರ ಆಳೆತ್ತರದ ಬಿಳಿ ಜಾಗ. ಬೀರು ನಿಂತಿದ್ದ ಕಡೆ ಹೀಗೆ ಮಸಿ ಹತ್ತದೆ ಉಳಿಯುತ್ತದೆ. ಆದರೆ ಇದಕ್ಕೆ ತಲೆಯಿತ್ತು, ಭುಜವಿತ್ತು. ಬೆಂಕಿಯಲ್ಲಿ ಯಾರೂ ಸತ್ತಿರಲಿಲ್ಲ.

"ಅಳತೆ ಗೊತ್ತಾಗ್ಬೇಕು, ಅಲ್ಲಿ ನಿಂತ್ಕೊ," ಎಂದರು ಕ್ಯಾಮೆರಾ ಹಿಡಿದ ನಮ್ಮ ಹಿರಿಯರು. ಬೂದಿ ತುಂಬಿದ ಡಬ್ಬ ಹಿಡಿದೇ ನಿಂತೆ. ಆ ಬಿಳಿ ಆಕಾರ ನನಗೆ ಅಳೆದು ಹೊಲಿಸಿದ ಅಂಗಿಯಂತೆ ಸರಿಹೋಯಿತು. ಬೆನ್ನಿಗೆ ಗೋಡೆ ಇನ್ನೂ ಬಿಸಿಯಾಗಿತ್ತು. ಬಾಗಿಲ ಕಡೆಯಿಂದ ಯಾರೋ, "ಬನ್ರೀ ಹೊರಗೆ!" ಎಂದು ಕೂಗಿದರು.

"ಫೋಟೊ ಆಗ್ಲಿ, ಬರ್ತೀನಿ," ಎಂದೆ.

"ಯಾರ ಹತ್ರ ಮಾತಾಡ್ತಿದ್ದೀಯಪ್ಪ?" ಎಂದರು ಹಿರಿಯರು. ಬಾಗಿಲಲ್ಲಿ ಯಾರೂ ಇರಲಿಲ್ಲ.

ತಿಂಗಳ ನಂತರ ಕಳ್ಳರಲ್ಲೊಬ್ಬ ಸಿಕ್ಕಿಬಿದ್ದ. ಠಾಣೆಯಲ್ಲಿ ನನ್ನನ್ನು ಕಂಡದ್ದೇ ಅವನ ಮುಖ ಬಿಳಿಚಿಕೊಂಡಿತು.

"ಇವರು ಬದುಕಿದ್ದಾರಾ ಸಾರ್?" ಎಂದು ಇನ್‌ಸ್ಪೆಕ್ಟರನ್ನು ಕೇಳಿದ. "ಬೆಂಕಿ ಹಚ್ಚಿ ತಿರುಗಿ ನೋಡಿದ್ರೆ, ಡಬ್ಬ ಹಿಡ್ಕೊಂಡು ಗೋಡೆಗೆ ಒರಗಿ ನಿಂತಿದ್ರು. ಹೊರಗೆ ಬನ್ರೀ ಅಂತ ಗಂಟಲು ಹರ್ಕೊಂಡೆ. ಫೋಟೊ ಆಗ್ಲಿ, ಬರ್ತೀನಿ ಅಂದ್ರು."