ಅನರ್ಹಗೊಂಡ ಬಾದಾಮಿ ಪುಡ್ಡಿಂಗ್

"ಇವತ್ತೂ ನನ್ನ ನೋಡಿ ರಸ್ತೆ ದಾಟ್ತೀಯಾ, ಟ್ಯಾಮ್ಸಿನ್?"

ಬೇಲಿಯಾಚೆಯಿಂದ ಗಿಡಿಯನ್ ಕೂಗಿದಾಗ ಅವಳು ರಸ್ತೆಯಂಚಿನಲ್ಲೇ ನಿಂತಳು. ಒಂದೇ ಊರಿನಲ್ಲಿದ್ದೂ ಮೂರು ವರ್ಷ ಅವನಿಂದ ತಪ್ಪಿಸಿಕೊಂಡಿದ್ದಳು... ಇವತ್ತು ಸಿಕ್ಕಿಬಿದ್ದಳು!

"ನನ್ನ ಕಂಡ್ರೆ ನಿಂಗಾಗಲ್ಲ, ಗೊತ್ತು. ಆದ್ರೂ ಒಳಗೆ ಬಾ. ಇವತ್ತು ಅಮ್ಮನ ಹುಟ್ಟುಹಬ್ಬ. ಅವಳ ಬಾದಾಮಿ ಪುಡ್ಡಿಂಗ್ ಮಾಡೋಕೆ ಹೋಗಿ ಎರಡು ಸಲ ಕೆಡಿಸಿದೀನಿ!"

ಕಂಡರಾಗುವುದಿಲ್ಲವೇ? ಅವನ ದನಿ ಕೇಳಿದರೆ ಕೈಲಿದ್ದ ಕೆಲಸ ಮರೆಯುವ ಹುಡುಗಿ ಅವಳು!

ಅಡುಗೆಮನೆಯ ಪಾತ್ರೆಯಲ್ಲಿ ಮೊಟ್ಟೆ ಒಡೆದು ಗಂಟುಗಂಟಾಗಿತ್ತು.

"ಬೆಣ್ಣೆ ಬಿಸಿ ಇರುವಾಗ್ಲೇ ಸುರಿದ್ಯಾ? ಪೆದ್ದ!"

ಹೊಸದಾಗಿ ಮೊಟ್ಟೆಯ ಹಳದಿ ಭಾಗ, ಸಕ್ಕರೆ, ಬಾದಾಮಿ ಪುಡಿ ಕಲಸಿ, ಆರಿದ ಬೆಣ್ಣೆ ಸುರಿದಳು. ಪದರ ಪದರವಾಗಿ ಲಟ್ಟಿಸುವ ಪಫ್ ಹಿಟ್ಟು ಹಾಸಿ ಜಾಮ್ ಸವರಿದ್ದ ತಟ್ಟೆಯನ್ನು ಅವನು ಹತ್ತಿರ ಸರಿಸಿದ.

"ಅಮ್ಮನೂ ಹೀಗೇ ಬೈತಿದ್ಲು. ಆ ಪ್ರದರ್ಶನ ಆದ್ಮೇಲೆ ಓವನ್ ಹತ್ರಾನೇ ಹೋಗಿಲ್ಲ."

ಟ್ಯಾಮ್ಸಿನ್ ಕೈ ನಿಂತಿತು.

ಊರಿನ ಬೇಸಿಗೆ ಪ್ರದರ್ಶನದ ಅಡುಗೆ ಸ್ಪರ್ಧೆಯಲ್ಲಿ ಎಲ್ಲವೂ ಮನೆಯಲ್ಲೇ ಮಾಡಿದ್ದಾಗಿರಬೇಕು, ಪಫ್ ಹಿಟ್ಟೂ ಸಹ. ಮೂರು ವರ್ಷದ ಹಿಂದೆ ಅವನ ತಾಯಿ ಹೆಸ್ಟರ್‌ಳ ಪುಡ್ಡಿಂಗ್‌ಗೆ ತೀರ್ಪುಗಾರರು 'ನಿಯಮದಂತಿಲ್ಲ' ಎಂಬ ಚೀಟಿ ಇಟ್ಟಿದ್ದರು. ನನ್ನ ಕೈಯಾರೆ ಲಟ್ಟಿಸಿದ್ದು ಎಂದು ಆಕೆ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ.

'ಈಗಲೂ ಸುಮ್ಮನಿದ್ದರೆ ನಾನೆಂಥವಳು?'

"ಗಿಡಿಯನ್... ತೀರ್ಪುಗಾರರಿಗೆ ಚಾಡಿ ಹೇಳಿದ್ದು ನಾನು. ಸ್ಪರ್ಧೆಗೆ ಪುಡ್ಡಿಂಗ್ ಒಯ್ಯೋಕೆ ಬಂದಾಗ ನಿಮ್ಮ ಕಸದ ಬುಟ್ಟಿಲಿ ಅಂಗಡಿ ಪಫ್ ಹಿಟ್ಟಿನ ಪೊಟ್ಟಣ ನೋಡ್ದೆ. ನಿಯಮ ಉಳಿಸ್ದೆ ಅಂತ ಜಂಭ ಬೇರೆ! ಆಮೇಲೆ ನಿಮ್ಮಮ್ಮನ ಮುಖ ನೋಡಿ..."

ಅವನ ಮುಖ ಬಿಳಿಚಿಕೊಂಡಿತು.

"ಆ ಪೊಟ್ಟಣ ನಂದು."

"ಏನು?"

"ಆ ಹಿಟ್ಟಲ್ಲಿ ಸಾಸೇಜ್ ರೋಲ್ ಮಾಡ್ಕೊಂಡು ತಿಂದಿದ್ದೆ. ಅಂಗಡಿ ಹಿಟ್ಟು ತಂದಿದ್ದು ಗೊತ್ತಾದ್ರೆ ಅಮ್ಮ ಸುಮ್ನಿರ್ತಿದ್ಲಾ? ಪ್ರದರ್ಶನದ ಡೇರೆಲಿ ಎಲ್ಲರೂ ಅವಳನ್ನೇ ನೋಡ್ತಿದ್ರು... ನಂಗೆ ಬಾಯೇ ಬರ್ಲಿಲ್ಲ. ಹೇಡಿ ನಾನು."

"ಮೂರು ವರ್ಷ ಬಾಯಿ ಮುಚ್ಕೊಂಡಿದ್ಯಾ!" ಅವಳಿಗೆ ಸಿಟ್ಟು ಬಂತು. ಮರುಕ್ಷಣವೇ ಅಳು. "ನಾನಾದ್ರೂ ನಿಮ್ಮಮ್ಮನ್ನ ಒಂದು ಮಾತು ಕೇಳ್ಬೇಕಿತ್ತು..."

ಕಲಸಿದ್ದನ್ನು ಅವಳು ತಟ್ಟೆಗೆ ಸುರಿದಳು, ಅವನು ಓವನ್‌ನಲ್ಲಿಟ್ಟ. ಬೆಂದ ಮೇಲೆ ತಟ್ಟೆ ಹಿಡಿದು ಒಟ್ಟಿಗೇ ಮುಂದಿನ ಕೋಣೆಗೆ ಹೋಗಿ, ಹೆಸ್ಟರ್ ಎದುರು ನಿಂತು ಎಲ್ಲ ಹೇಳಿದರು.

ಆಕೆ ತಟ್ಟೆ ಮುಟ್ಟಲಿಲ್ಲ. ಕಣ್ಣೊರೆಸಿಕೊಂಡಳು.

"ನನ್ನ ಹತ್ರ ಹೇಳಿ ಏನು ಬಂತು? ನಾನು ಸುಳ್ಳಿ ಅಲ್ಲ ಅಂತ ನಂಗೆ ಮೊದ್ಲೇ ಗೊತ್ತು. ಶನಿವಾರ ಪ್ರದರ್ಶನ ಇದೆ. ಅದೇ ಡೇರೆಲಿ, ಎಲ್ಲರ ಮುಂದೆ, ಇಬ್ಬರೂ ಹೇಳಿ. ಆಮೇಲೆ ನಿಮ್ಮ ಪುಡ್ಡಿಂಗ್ ತಿಂತೀನಿ."

ಹೊರಗೆ ಬಂದು ಟ್ಯಾಮ್ಸಿನ್ ಬೇಲಿಗೆ ಒರಗಿದಳು.

"ಇಡೀ ಊರಿನ ಮುಂದೆ... ಭಯ ಆಗ್ತಿದೆ."

"ನಂಗೂ. ನನ್ನ ಕೈ ಹಿಡ್ಕೊ."

"ಡೇರೆಲಿ ಮಾತ್ರಾನಾ?"

"ಅಲ್ಲಿಂದಾಚೆಗೂ, ಟ್ಯಾಮ್ಸಿನ್. ನಿನ್ನ ಪ್ರೀತಿಸ್ತೀನಿ ಅಂತ ಹೇಳೋಕೂ ಮೂರು ವರ್ಷ ಬಾಯಿ ಬಂದಿರ್ಲಿಲ್ಲ."

"ಅದನ್ನ ಮಾತ್ರ ಡೇರೆಲಿ ಹೇಳ್ಬೇಡ..." ಅವಳು ಅವನ ಕೈ ಬಿಗಿಯಾಗಿ ಹಿಡಿದಳು. "ನಂಗೆ ಮಾತ್ರ ಹೇಳು. ಇನ್ನೊಂದ್ಸಲ."