ಕೋಟೆಯ ಕಲ್ಲುಬೆಂಚು

ನನ್ನ ಗಂಡ ಲ್ಯೂಸಿಯೆನ್ ಪ್ರತಿ ವಸಂತದಲ್ಲೂ ಒಂದು ದಿನ ನನ್ನನ್ನು ವರ್ದೂನ್ ಬಳಿಯ ಹಳೆಯ ಕೋಟೆಗೆ ಕರೆದೊಯ್ಯುತ್ತಿದ್ದರು. ಮಹಾಯುದ್ಧದಲ್ಲಿ ಕುಡಿಯಲು ನೀರಿಲ್ಲದೆ, ಗೋಡೆಯ ಪಸೆ ನೆಕ್ಕಿಕೊಂಡು ಆ ಕೋಟೆಯನ್ನು ಕಾದ ಸೈನಿಕರ ಮೇಲೆ ಅವರಿಗೆ ಅಪಾರ ಗೌರವ. ನನಗೂ ಅಷ್ಟೇ. ಅವರು ತೀರಿಕೊಂಡ ವರ್ಷ ನಾದಿನಿ ಜಿನೆಟ್ ಜೊತೆ ಹೋದೆ. ಅವರ ಆತ್ಮಶಾಂತಿಗಾಗಿ ಅಲ್ಲೇ ಜಪಸರ ಪ್ರಾರ್ಥನೆ ಮಾಡಬೇಕೆಂದಿತ್ತು.

ಬಾಗಿಲು ತೆಗೆದಾಗ ಮೊದಲು ಒಳಹೊಕ್ಕವರು ನಾವೇ. ಸೈನಿಕರು ಮಲಗುತ್ತಿದ್ದ ಕೋಣೆಯ ಕಲ್ಲುಬೆಂಚು ಮಂಜಿನಂತೆ ಕೊರೆಯುತ್ತಿತ್ತು. ಆದರೆ ನಾನು ಕೂತ ಜಾಗ ಮಾತ್ರ, ಈಗಷ್ಟೇ ಯಾರೋ ಎದ್ದು ಹೋದಂತೆ, ಬೆಚ್ಚಗಿತ್ತು.

"ಇಷ್ಟು ಉಣ್ಣೆ ಸುತ್ಕೊಂಡಿದ್ದೀರಿ ಅತ್ತಿಗೆ, ಕಲ್ಲೂ ಬೆವರುತ್ತೆ" ಎಂದು ನಗುತ್ತ ಜಿನೆಟ್ ನನಗೆ ಒತ್ತಿಕೊಂಡು ಕೂತಳು. ನಾನು ಕಣ್ಣುಮುಚ್ಚಿ ಜಪ ಶುರುಮಾಡಿದೆ. ಕೂಡಲೇ ಅವಳು ಒಂದಾಳು ಕೂರುವಷ್ಟು ಆಚೆ ಸರಿದಳು.

"ಯಾಕೆ ಸರಿದೆ?"

"ನೀವೇ ಸ್ವಲ್ಪ ಜಾಗ ಬಿಡು ಅಂದ್ರಲ್ಲ."

"ನಾನು ಜಪ ಮಾಡ್ತಿದ್ದೆ ಕಣೇ."

ಅವಳು ನಗಲಿಲ್ಲ. ನಮ್ಮಿಬ್ಬರ ನಡುವಿನ ಕಲ್ಲನ್ನು ಮುಟ್ಟಿ ನೋಡಿದೆ, ತಣ್ಣಗಿತ್ತು. ಇಬ್ಬರೂ ಸೇರಿ ಜಪ ಮುಗಿಸಿ ಏಳುವಾಗ ಮತ್ತೆ ಮುಟ್ಟಿದೆವು. ಬೆಚ್ಚಗಿತ್ತು.