ಹೊರಳು ತಾಸು

ವಾರ್ಡಿನ ನಾಲ್ಕನೆಯ ಹಾಸಿಗೆಯ ಪಕ್ಕದ, ರಕ್ತ ಓದುವ ಯಂತ್ರದ ಗಾಜಿನ ತಟ್ಟೆ ಬದಲಿಸುವ ಕೆಲಸ ಅರ್ಧಕ್ಕೆ ಬಂದಿತ್ತು. ಹೊಸ ತಟ್ಟೆಯ ಅಂಚನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಯಂತ್ರದ ಬಾಯಿಗೆ ಕೂರಿಸುತ್ತಿದ್ದ ಶಿವಲೀಲಾಳ ಬೆನ್ನ ಹಿಂದೆ ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು. ಏನೆಂದು ತಿರುಗಿ ನೋಡಬೇಕಾಗಿರಲಿಲ್ಲ. ಹುರಿದ ಶೇಂಗಾ, ಗುರೆಳ್ಳು, ಎಣ್ಣೆಯಲ್ಲಿ ಬಾಡಿದ ಬದನೆ. ವಾಸನೆಯೇ ಹೇಳಿತು.

"ಭಾಗ್ಯಶ್ರೀ, ಮುಚ್ಚವ್ವಾ ಅದನ್ನ," ಎಂದಳು.

"ಒಂದ ತುತ್ತು ಅಕ್ಕಾರ. ಬಾಯಿ ಸಪ್ಪಗ ಆಗೇತಿ ಅನ್ನಾಕತ್ತಾನ."

"ಹಲಗಿ ಓದೀಯಿಲ್ಲ?"

ಹಾಸಿಗೆಯ ತಲೆದೆಸೆಯ ಬಿಳಿ ಹಲಗೆಯ ಮೇಲೆ ಡಾಕ್ಟರರು ಬರೆದ ಔಷಧಿಗಳ ಕೆಳಗೆ ಶಿವಲೀಲಾಳ ದುಂಡನೆಯ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: 'ಬದನೆ, ಕುಂಬಳ, ಶೇಂಗಾ ಬೇಡ. ನಂಜು.'

"ಟ್ರೇಲರ್ ಮೈಮ್ಯಾಲೆ ಬಿದ್ರೂ ಸಾಯಲಿಲ್ಲ. ಈ ಗಂಜಿಗೆ ಸಾಯ್ತೀನಿ ನೋಡ್ರಿ," ಎಂದ ಹಾಸಿಗೆಯಲ್ಲಿದ್ದ ಅವಳ ಗಂಡ ಹನಮಂತ. ಕಪ್ಪತಗುಡ್ಡದ ಹಳೆಯ ಗಾಳಿಯಂತ್ರಗಳ ರೆಕ್ಕೆ ಇಳಿಸಿ ಸಾಗಿಸುವ ಗಾಡಿಯ ಚಾಲಕ ಅವನು. ನಿನ್ನೆ ಮುಂಜಾನೆ ಗಾಡಿ ಮಗುಚಿ ಸೊಂಟದ ಎಲುಬು, ತೊಡೆ ಎರಡೂ ಮುರಿದಿದ್ದವು. ಎಲುಬು ಕೂಡಿಸಿಯಾಗಿತ್ತು. ಈಗ ಕಾಯಬೇಕಾದದ್ದು ಬೇರೆಯೇ.

ಶಿವಲೀಲಾ ತಟ್ಟೆ ಕೂರಿಸಿ ಮುಗಿಸಿ ಪರದೆ ನೋಡಿದಳು. ಹನಮಂತನ ತೋಳಿನಿಂದ ಹೊರಟ ರಕ್ತ ಗಾಜಿನ ತಟ್ಟೆಯೊಳಗಿನ ಕೂದಲಿಗಿಂತ ಸಣ್ಣ ಕಾಲುವೆಗಳಲ್ಲಿ ಹರಿದು ಮತ್ತೆ ಅವನ ಮೈಗೇ ಸೇರುತ್ತಿತ್ತು. ಹರಿಯುವಾಗ ಬೆಳಕಿನ ಎಳೆಯೊಂದು ಒಂದೊಂದು ಬಿಳಿ ರಕ್ತಕಣವನ್ನೂ ಮುಟ್ಟಿ, ಅದರ ವಯಸ್ಸು ಎಷ್ಟು, ಸಿಟ್ಟು ಎಷ್ಟು ಎಂದು ಓದುತ್ತಿತ್ತು. ತಣ್ಣಗಿದ್ದವು ಹಸಿರು ಚುಕ್ಕೆ, ಕೆರಳಿದವು ಕಿತ್ತಳೆ. ಮುಂಜಾನೆಯಿಂದ ಹಸಿರು ಹೆಚ್ಚಿದ್ದ ಪರದೆಯ ಬಲಮೂಲೆಯಲ್ಲಿ ಈಗ ಕಿತ್ತಳೆ ದಟ್ಟವಾಗುತ್ತಿತ್ತು. ಯಂತ್ರ ಸಣ್ಣಗೆ ಎರಡು ಬಾರಿ ಕೂಗಿತು.

ಗಾಯವಾದ ಕೆಲವೇ ನಿಮಿಷಗಳಲ್ಲಿ ಬಿಳಿ ಕಣಗಳು ಅಲ್ಲಿಗೆ ಓಡಿಬರುತ್ತವೆ. ಕೆಂಪಾಗುವುದು, ಬಿಸಿಯಾಗುವುದು, ಊದುವುದು, ನೋಯುವುದು, ಇವೆಲ್ಲ ಅವು ಕೆಲಸಕ್ಕೆ ನಿಂತ ಗುರುತು. ಅದಕ್ಕೇ ಉರಿಯೂತವೆಂದು ಹೆಸರು. ಸಣ್ಣ ಗಾಯವಾದರೆ ಕೆಲಸ ಮುಗಿಸಿ ಅಲ್ಲೇ ಸತ್ತುಹೋಗುತ್ತವೆ. ಆದರೆ ಮೈ ಜಜ್ಜಿಹೋದಾಗ ಒಡೆದ ಜೀವಕೋಶಗಳ ಚೂರುಗಳು ರಕ್ತದ ತುಂಬ ತೇಲುತ್ತವೆ, ನೋಡಲು ರೋಗಾಣುಗಳಂತೆಯೇ. ಮನೆಯಲ್ಲಿ ಮುರಿದುಬಿದ್ದ ಸ್ವಂತ ಸಾಮಾನನ್ನೇ ಕಳ್ಳನೆಂದು ಬಗೆದು ಬಡಿದಾಡುವ ಕಾವಲುಗಾರರಂತೆ, ಈ ಕಣಗಳು ಗಾಯವೇ ಆಗದ ಶ್ವಾಸಕೋಶಕ್ಕೂ ನುಗ್ಗುತ್ತವೆ. ತಮ್ಮೊಳಗಿನ ಎಳೆಗಳನ್ನೇ ಬಲೆಯಂತೆ ಬೀಸಿ ಅಲ್ಲಿದ್ದದ್ದನ್ನೆಲ್ಲ ಸುಡುತ್ತವೆ. ಪೆಟ್ಟಿನಿಂದ ಉಳಿದವನು ಐದನೆಯ ದಿನ ಉಸಿರು ಸಿಗದೆ ಸಾಯುತ್ತಾನೆ.

ಕಾಯುವ ಕಣಗಳು ಸುಡಲು ಹೊರಳುವ ಹೊತ್ತಿಗೆ ಈ ಆಸ್ಪತ್ರೆಯವರು ಇಟ್ಟ ಹೆಸರು 'ಹೊರಳು ತಾಸು'. ಒಬ್ಬರಿಗೆ ಅದು ಆರನೆಯ ತಾಸು, ಇನ್ನೊಬ್ಬರಿಗೆ ನಲವತ್ತನೆಯದು. ಅದನ್ನು ಹಿಡಿಯಬಲ್ಲ ಯಂತ್ರ ಬಂದು ಎಂಟು ವರ್ಷವಾಗಿತ್ತು. ತಾಸು ಬಂದಾಗ ಗುಂಡಿ ಒತ್ತಿದರೆ ಮರಳಿ ಹೋಗುವ ರಕ್ತದಲ್ಲಿ ಒಂದು ಪ್ರೋಟೀನು ಬೆರೆಯುತ್ತದೆ. ಅದು ಅಂಟಿಕೊಂಡ ಕಣಗಳು ಕಾದಾಟ ಬಿಟ್ಟು, ತಾವು ಹುಟ್ಟಿದ ಎಲುಬಿನ ಮಜ್ಜೆಗೇ ಹೋಗಿ ಅಲ್ಲಿ ಸಾಯುತ್ತವೆ. ಬೇಗ ಒತ್ತಿದರೆ ನಿಜವಾದ ರೋಗಾಣು ಗೆಲ್ಲುತ್ತದೆ, ತಡವಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೊತ್ತು ಸೂಚಿಸುವುದು ಯಂತ್ರ. ಒತ್ತುವ ಬೆರಳು ಮಾತ್ರ ಮನುಷ್ಯರದೇ ಇರಬೇಕೆಂದು ಕಾನೂನು.

ಶಿವಲೀಲಾ ಹನಮಂತನ ಉಗುರಿನ ಬಣ್ಣ ನೋಡಿದಳು, ಎದೆ ಏರಿಳಿಯುವುದನ್ನು ಎಣಿಸಿದಳು, ಮತ್ತೊಮ್ಮೆ ಪರದೆ ನೋಡಿದಳು. ಒತ್ತಿದಳು. ಇಪ್ಪತ್ತೇಳನೆಯ ತಾಸು. ಕಾಲು ಗಂಟೆಯಲ್ಲಿ ಕಿತ್ತಳೆ ಚುಕ್ಕೆಗಳು ಒಂದೊಂದಾಗಿ ಕಡಿಮೆಯಾಗತೊಡಗಿದವು, ಜಾತ್ರೆ ಮುಗಿದು ಊರ ಕಡೆ ಹೊರಟ ಜನರಂತೆ.

"ಮುಗೀತೇನ್ರಿ?" ಭಾಗ್ಯಶ್ರೀ ಕೇಳಿದಳು.

"ಮುಗೀತು. ಇನ್ನ ಅಂಜಬ್ಯಾಡ."

"ಹಂಗಾರ ಒಂದ ತುತ್ತು..."

"ಬ್ಯಾಡ ಅಂದ್ನೆಲ್ಲ."

ಭಾಗ್ಯಶ್ರೀ ಡಬ್ಬಿಯನ್ನು ಶಿವಲೀಲಾಳ ಕೈಗೇ ಇಟ್ಟಳು. "ಹಂಗಾರ ಊಟದ ಹೊತ್ತಿನ ತನಕ ನೀವ ಇಟ್ಕೋರಿ ಅಕ್ಕಾರ. ಇಲ್ಲಿದ್ರ ಇವ ಕಣ್ಣಿಂದನ ತಿಂತಾನ."

ಡಬ್ಬಿ ಇನ್ನೂ ಬೆಚ್ಚಗಿತ್ತು. ಶಿವಲೀಲಾ ಅದನ್ನು ತನ್ನ ಕೋಣೆಯ ಮೇಜಿನ ಮೇಲೆ, ಕೈಚೀಲದ ಪಕ್ಕದಲ್ಲಿಟ್ಟಳು. ಆ ಚೀಲದಲ್ಲಿ ಒಂಬತ್ತು ದಿನಗಳಿಂದ ಒಂದು ಪತ್ರವಿತ್ತು.

ಯಂತ್ರಗಳಿಗೆ ಪಾಠ ಕಲಿಸಲು ಯಾರ ಮೈಯಿಂದ ಏನನ್ನು ತೆಗೆದುಕೊಂಡಿದ್ದರೂ ಅವರ ಮನೆಯವರಿಗೆ ತಿಳಿಸಬೇಕೆಂದು ಹೊಸ ಕಾನೂನು ಬಂದಿತ್ತು. ಪತ್ರದಲ್ಲಿ ಇದ್ದದ್ದು ಇಷ್ಟು: ೨೦೩೧ರಲ್ಲಿ ನಿಮ್ಮ ಪತಿ ಪ್ರಭುಲಿಂಗ ಅವರಿಂದ ಪಡೆದ ರಕ್ತದ ಹದಿನೆಂಟು ಮಾದರಿಗಳು ಹೊರಳು ತಾಸಿನ ಯಂತ್ರವನ್ನು ರೂಪಿಸಲು ಬಳಕೆಯಾಗಿವೆ. ಆರುನೂರ ಹನ್ನೆರಡು ಜನರಲ್ಲಿ ಅವರ ಸಂಖ್ಯೆ ಹದಿನೇಳು. ನೀವು ಬಯಸಿದರೆ ಅವರ ಮಾದರಿಗಳ ಫಲಿತಾಂಶ ತಿಳಿಸಲಾಗುವುದು. ತಿಂಗಳ ಕೊನೆಗೆ ಮಾದರಿಗಳನ್ನು ನಾಶಗೊಳಿಸಲಾಗುತ್ತದೆ.

ಕೆಳಗೆ ಡಾಕ್ಟರ್ ತಬಸ್ಸುಮ್ ನದಾಫ್ ಅವರ ಸಹಿ. ಯಂತ್ರವನ್ನು ಕಂಡುಹಿಡಿದದ್ದು ಅವರೇ. ಎಂಟು ವರ್ಷ ಶಿವಲೀಲಾಳ ಜೊತೆ ಚಹಾ ಕುಡಿದಿದ್ದರೂ ಹದಿನೇಳನೆಯವನು ಯಾರೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಅವರ ಪಟ್ಟಿಯಲ್ಲಿ ಬರಿ ಅಂಕಿಗಳಿದ್ದವು; ಹೆಸರು ಸೇರಿಸಿ, ಅಚ್ಚಿನ ಸಹಿಯೊಂದಿಗೆ ಪತ್ರ ಕಳಿಸಿದ್ದು ಕಚೇರಿಯವರು.

ಪ್ರಭುಲಿಂಗ ಗಾಳಿಯಂತ್ರದ ಮೆಕ್ಯಾನಿಕ್. ಕಂಬದೊಳಗಿನ ಏಣಿಯಿಂದ ಬಿದ್ದಾಗ ಇಪ್ಪತ್ತೊಂಬತ್ತು ವರ್ಷ. ಎರಡೂ ತೊಡೆ ಮುರಿದಿದ್ದವು. ಮೂರನೆಯ ದಿನ ಎದ್ದು ಒರಗಿ ಕುಳಿತಿದ್ದ. ಆವತ್ತು ಮಧ್ಯಾಹ್ನ ಅತ್ತೆ ಬಸಲಿಂಗವ್ವ ಮುಂಡರಗಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಶಿವಲೀಲಾಳಿಗೆಂದು ಡಬ್ಬಿ ಕಳಿಸಿದ್ದರು. ರೊಟ್ಟಿ, ಎಣ್ಣೆಗಾಯಿ. ಫೋನಿನಲ್ಲಿ ಹೇಳಿಯೂ ಇದ್ದರು: "ಅವಗ ಕೊಡಬ್ಯಾಡ, ನಂಜು." ಆದರೆ ಡಬ್ಬಿ ತೆರೆದದ್ದೇ ಪ್ರಭುಲಿಂಗ ಮೂಗು ಅರಳಿಸಿದ. "ಏ ಲೀಲಾ, ಅವ್ವನ ಎಣಗಾಯಿ ಎದುರಿಗಿಟ್ಟು ಗಂಜಿ ಕುಡಿ ಅಂತೀಯಲ್ಲ, ನೀ ಹೆಂಡತಿಯೋ ಪೊಲೀಸೋ?" ಅವಳು ಬಾಗಿಲ ಕಡೆ ನೋಡಿ, ಒಂದನ್ನು ಬಿಡಿಸಿ ಬಾಯಿಗಿಟ್ಟಳು. ಅವನು ಅವಳ ಬೆರಳನ್ನೂ ಬಿಡದೆ ಚೀಪಿದ. ಇನ್ನೊಂದು ಕೇಳಿದ. ಕೊಟ್ಟಳು.

ಆವತ್ತೇ ಸಂಜೆ ಜ್ವರ. ಐದನೆಯ ದಿನ ಹೋದ.

ಆಮೇಲೆ ಅವಳು ಓದಿದಳು, ತರಬೇತಿ ಪಡೆದಳು, ಬಿಳಿ ಕಣಗಳ ನಡತೆಯನ್ನು ಹೊಸಬರಿಗೆ ಕಲಿಸುವಷ್ಟು ಕಲಿತಳು. ಬದನೆಕಾಯಿಗೂ ಶ್ವಾಸಕೋಶಕ್ಕೂ ಸಂಬಂಧವಿಲ್ಲವೆಂದು ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದಳು. ಹಾಗೆ ಬರೆದ ಕೈಯೇ ಪ್ರತಿ ಹಾಸಿಗೆಯ ಹಲಗೆಯ ಮೇಲೂ ಆ ಸಾಲು ಬರೆಯುತ್ತಿತ್ತು. ತಿಳಿದದ್ದು ತಲೆಯಲ್ಲಿತ್ತು. ಅವನು ಚೀಪಿದ್ದು ಬೆರಳಿನಲ್ಲಿತ್ತು.

ಹನ್ನೊಂದೂವರೆಗೆ ಡಾಕ್ಟರ್ ನದಾಫ್ ಬಂದರು. ಬಂದವರೇ ಹಲಗೆ ನೋಡಿ ನಕ್ಕರು.

"ಲೀಲಕ್ಕ, ಮುಂದಿನ ತಿಂಗಳು ಜಪಾನಿನವರು ಈ ವಾರ್ಡು ನೋಡಾಕ ಬರ್ತಾರ. ಈ ಬದನೀಕಾಯಿ ಸಾಲು ಏನು ಅಂತ ಕೇಳಿದ್ರ ನಾ ಏನಂತ ಹೇಳ್ಲಿ?"

"ಲೀಲಕ್ಕನ ಸಂಶೋಧನೆ ಅಂತ ಹೇಳ್ರಿ."

"ನನ್ನ ಯಂತ್ರಕ್ಕಿಂತ ನಿಮ್ಮ ಹಲಗಿ ಮ್ಯಾಲೆ ಜನಕ್ಕ ನಂಬಿಕಿ ಜಾಸ್ತಿ ಐತಿ. ಅದ ನನ್ನ ಹೊಟ್ಟಿಕಿಚ್ಚು."

ಶಿವಲೀಲಾ ನಗಲಿಲ್ಲ. ಅವರನ್ನು ತನ್ನ ಕೋಣೆಗೆ ಕರೆದೊಯ್ದು, ಚೀಲದಿಂದ ಪತ್ರ ತೆಗೆದು ಮುಂದಿಟ್ಟಳು. ಡಾಕ್ಟರು ಹೆಸರು ಓದಿದರು, ಸಂಖ್ಯೆ ಓದಿದರು, ಆಮೇಲೆ ತಮ್ಮ ಸಹಿಯ ಮೇಲೆ ಬೆರಳಿಟ್ಟರು.

"ಹದಿನೇಳು," ಎಂದರು. "ಇಷ್ಟ ವರ್ಷ ಒಂದ ಮಾತು ಹೇಳಲಿಲ್ಲ ನೀವು."

"ನನಗೂ ಗೊತ್ತಿರಲಿಲ್ಲರಿ. ಆವತ್ತು ಯಾವ ಕಾಗದಕ್ಕ ಸಹಿ ಮಾಡಿದ್ನೋ ಏನೋ."

"ತೆಗೀಲೇನು?"

"ತೆಗೀರಿ."

ಡಾಕ್ಟರು ಪರದೆಯ ಮೇಲೆ ಹುಡುಕಿದರು. ಮೊದಲ ಮಾದರಿ ಬಂತು, ಬಿದ್ದ ಎರಡನೆಯ ತಾಸಿನದು. ಕತ್ತಲೆಯ ಮೇಲೆ ಸಾವಿರಾರು ಹಸಿರು ಚುಕ್ಕೆ. ಶಿವಲೀಲಾ ಇಂಥ ಪರದೆಗಳನ್ನು ದಿನಕ್ಕೆ ನೂರು ಸಲ ನೋಡುವವಳು. ಈಗ ಅವಳಿಗೆ ಕಂಡದ್ದು ಚುಕ್ಕೆಗಳಲ್ಲ. ಅವನ ಮೈಯೊಳಗೆ ಆ ಹೊತ್ತಿನಲ್ಲಿ ಜೀವಂತವಿದ್ದದ್ದು. ಇಪ್ಪತ್ತೇಳು ವರ್ಷದಲ್ಲಿ ಅವನ ಫೋಟೋ ಎಷ್ಟೋ ಸಲ ನೋಡಿದ್ದಳು. ಅವನನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವಳ ಕೈ ತಾನಾಗಿ ಪರದೆಯ ಅಂಚಿಗೆ ಹೋಯಿತು. ಡಾಕ್ಟರು ಬೇರೆ ಕಡೆ ನೋಡಿದರು.

ಆರನೆಯ ತಾಸು, ಹಸಿರು. ಹತ್ತನೆಯದು, ಅಲ್ಲಲ್ಲಿ ಕಿತ್ತಳೆ. ಹದಿನಾಲ್ಕನೆಯದರಲ್ಲಿ ಪರದೆಯ ಅರ್ಧ ಹೊತ್ತಿಕೊಂಡಿತ್ತು.

"ಹದಿಮೂರನೇ ತಾಸು," ಎಂದರು ಡಾಕ್ಟರು. "ಅಂದ್ರ ಬಿದ್ದ ದಿನಾನ. ಮುಂದ ಆಗಿದ್ದಕ್ಕೆಲ್ಲ ಅದ ಕಾರಣ. ಎರಡು ದಿನ ಹೊರಗ ಏನೂ ಕಾಣಸಲಿಲ್ಲ ಅಷ್ಟ."

ಬಿದ್ದ ದಿನವೇ. ಡಬ್ಬಿ ಬಂದದ್ದು ಮೂರನೆಯ ದಿನ. ಎಣ್ಣೆಗಾಯಿ ಕೇಳಿ ನಗುತ್ತಿದ್ದಾಗ ಅವನೊಳಗೆ ಬೆಂಕಿ ಬಿದ್ದು ಎರಡು ದಿನವಾಗಿತ್ತು. ಎದೆಯ ಮೇಲಿನ ಕಲ್ಲು ಇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಹಗುರಾಗಲಿಲ್ಲ. ಕಲ್ಲಿದ್ದ ಜಾಗ ಖಾಲಿಯಾಗಿ, ಅಲ್ಲಿ ಅವನೇ ಬೇಕೆನ್ನಿಸಿತು. ತಪ್ಪು ನನ್ನದು ಎಂದುಕೊಳ್ಳುತ್ತಿದ್ದಷ್ಟು ಕಾಲ ಅವನ ಜೊತೆ ಒಂದು ಮಾತುಕತೆಯಾದರೂ ನಡೆದಿತ್ತು.

"ಈ ಹದಿನೆಂಟು ಮಾದರಿ ಇಲ್ಲದಿದ್ರ ಯಂತ್ರ ಇಷ್ಟು ಬೇಗ ಆಗ್ತಿರಲಿಲ್ಲ," ಡಾಕ್ಟರು ಮೆಲ್ಲಗೆ ಹೇಳಿದರು. "ಉಳಿದವರದು ದಿನಕ್ಕ ಒಂದೋ ಎರಡೋ. ಇವರದ ಮಾತ್ರ ನಾಲ್ಕು ತಾಸಿಗೊಮ್ಮೆ ಯಾರೋ ಪುಣ್ಯಾತ್ಮರು ತಗೊಂಡಾರ. ಕಣ ಹೊರಳೋದನ್ನ ನಾ ಮೊದಲು ನೋಡಿದ್ದ ಇವರಲ್ಲಿ. ಇವತ್ತು ಹನಮಂತನ ಹೊತ್ತು ಗೊತ್ತಾತಲ್ಲ, ಇವರಿಂದ."

"ಆವತ್ತು ಈ ಯಂತ್ರ ಇದ್ದಿದ್ರ?"

ಡಾಕ್ಟರ್ ನದಾಫ್ ಸುಳ್ಳು ಹೇಳುವವರಲ್ಲ. "ಒಂದ ಗುಂಡಿ, ಲೀಲಕ್ಕ. ಎಂಟು ದಿನದಾಗ ಮನೀಗೆ ಹೋಗ್ತಿದ್ರು."

ಈಗ ಅವನಿಗೆ ಐವತ್ತಾರು ಇರುತ್ತಿತ್ತು. ಕೂದಲು ಉದುರಿರುತ್ತಿತ್ತು. ಮಂಡಿನೋವೆಂದು ಗೊಣಗುತ್ತಿದ್ದ. ಶಿವಲೀಲಾ ಪತ್ರ ಮಡಚಿ ಎದ್ದಳು.

ವಾರ್ಡಿಗೆ ಬಂದವಳೇ ನಾಲ್ಕನೆಯ ಹಾಸಿಗೆಯ ಹಲಗೆಯ ಕೊನೆಯ ಸಾಲನ್ನು ಅಂಗೈಯಿಂದ ಒರೆಸಿದಳು. ಡಬ್ಬಿಯನ್ನು ಭಾಗ್ಯಶ್ರೀಗೆ ಕೊಟ್ಟಳು.

"ಕೊಡು ಅವಗ. ಖಾರ ನೋಡಿ ಕೊಡು."

"ಮುಂಜಾನಿ ನಂಜು ಅಂದ್ರಿ?"

"ಮುಂಜಾನಿ ನನಗ ಗೊತ್ತಿರಲಿಲ್ಲ."

ಹನಮಂತ ಕಣ್ಣು ಮುಚ್ಚಿ ಅಗಿದ. "ಉಪ್ಪು ಕಡಿಮಿ," ಎಂದ. "ಗಂಜಿ ಕುಡಿ ಹಂಗಾರ," ಎಂದು ಭಾಗ್ಯಶ್ರೀ ಡಬ್ಬಿ ಹಿಂದೆ ಎಳೆದುಕೊಂಡಳು. ಆಮೇಲೆ ಅವಳು ಉಳಿದ ಎರಡನ್ನು ಒತ್ತಾಯದಿಂದ ಶಿವಲೀಲಾಳ ಊಟದ ಡಬ್ಬಿಗೆ ಹಾಕಿದಳು. ಮಿಕ್ಕ ಹಾಸಿಗೆಗಳ ಹಲಗೆಯಿಂದಲೂ ಆ ಸಾಲು ಒರೆಸುತ್ತ ಶಿವಲೀಲಾ ಆರುನೂರ ಹನ್ನೆರಡು ಮನೆಗಳನ್ನು ನೆನೆದಳು. ಒಂದು ಮನೆಯಲ್ಲಿ ಒಂದು ಕಾಯಿಪಲ್ಯ ಬಿಟ್ಟಿರುತ್ತಾರೆ. ಇನ್ನೊಂದರಲ್ಲಿ, ಹೊರಡುವಾಗ ಎಲ್ಲಿಗೆ ಎಂದು ಕೇಳಿದವಳ ಬಾಯಿಯನ್ನು ದೂರುತ್ತಿರುತ್ತಾರೆ. ಮತ್ತೊಂದರಲ್ಲಿ ಕಾಲ್ಗುಣ ಎಂಬ ಮಾತು. ಪತ್ರ ಎಲ್ಲರಿಗೂ ಹೋಗಿರುತ್ತದೆ. ಎಷ್ಟು ಜನ ಒಡೆದಿದ್ದಾರೋ.

ಸಂಜೆ ಮನೆಗೆ ಬಂದು ಊಟದ ಡಬ್ಬಿ ತೆರೆದಾಗ ಬಸಲಿಂಗವ್ವ ಜಗುಲಿಯಿಂದಲೇ ತಲೆ ಎತ್ತಿದರು. ಎಪ್ಪತ್ತೊಂಬತ್ತು ವಯಸ್ಸು. ಕಣ್ಣು ಮಂದ, ಮೂಗು ಚುರುಕು.

"ಯಾರ ಮನೀದು?"

"ವಾರ್ಡಿನಾಗ ಒಬ್ಬ ಪೇಶಂಟನ ಹೆಂಡತಿ ಕೊಟ್ಟಳ್ರಿ, ಅತ್ತಿ."

"ಪೇಶಂಟಗೂ ಕೊಟ್ಟಳೇನು?"

"ಕೊಟ್ಟಳು."

"ಏನಾತು?"

"ಉಪ್ಪು ಕಡಿಮಿ ಅಂದ."

ಬೀದಿಯಲ್ಲಿ ಹಾಲಿನ ಗಾಡಿ ಬಂದು ಹೋಯಿತು. ಈ ಮನೆಯಲ್ಲಿ ಬದನೆ ಬೇಯದೆ ಇಪ್ಪತ್ತೇಳು ವರ್ಷ. ಅದನ್ನು ನಿಲ್ಲಿಸಿದ್ದು ಅತ್ತೆಯೇ. ಯಾಕೆಂದು ಅವರು ಹೇಳಿರಲಿಲ್ಲ, ಇವಳು ಕೇಳಿರಲಿಲ್ಲ.

"ಆವತ್ತು ನಾ ನಾಕು ಕಳಿಸಿದ್ನಿ," ಎಂದರು ಮುದುಕಿ. "ಡಬ್ಬಿ ಖಾಲಿ ಬಂತು. ನೀ ಯಾವತ್ತೂ ಎರಡರ ಮ್ಯಾಲೆ ತಿಂದಾಕಿ ಅಲ್ಲ."

ಶಿವಲೀಲಾ ಕೈಯಲ್ಲಿದ್ದ ಮುಚ್ಚಳವನ್ನು ಕೆಳಗಿಡಲಿಲ್ಲ.

"ನಿನಗಂತ ಕಳಿಸಿದ್ದಲ್ಲವ್ವಾ. ಕೊಡಬ್ಯಾಡ ಅಂತ ಬಾಯಿಲೆ ಅಂದ್ನಿ. ವಾಸನಿ ಬಡದ್ರ ಅವ ಬಿಡಾಂವಲ್ಲ, ನೀ ಕೊಡದ ಇರಾಕಿ ಅಲ್ಲ, ಎರಡೂ ಗೊತ್ತಿತ್ತು ನನಗ. ಮಗ ಗಂಜಿ ಕುಡಿಯಾಕತ್ತಾನ ಅಂತ ಜೀವ ತಡೀಲಿಲ್ಲ. ಹಡೆದಾಕಿ ಕೈಲೆನ ನಂಜು ಉಣಿಸಿದ್ನಿ."

ಆವತ್ತು ಅತ್ತೆಗೆ ಐವತ್ತೆರಡು. ಇವತ್ತಿನ ತನಗಿಂತ ಒಂದು ವರ್ಷ ಚಿಕ್ಕವಳು ಎಂದು ಶಿವಲೀಲಾಳಿಗೆ ಹೊಳೆಯಿತು. ಅವಳು ಪಕ್ಕದಲ್ಲಿ ಕುಳಿತು, ಪತ್ರ ತೆಗೆದು, ನಿಧಾನವಾಗಿ ಎಲ್ಲ ಹೇಳಿದಳು. ಹದಿನೆಂಟು ಮಾದರಿ. ಹಸಿರು, ಕಿತ್ತಳೆ. ಹದಿಮೂರನೆಯ ತಾಸು. ಡಬ್ಬಿ ಬರುವುದಕ್ಕೆ ಎರಡು ದಿನ ಮೊದಲು.

ಬಸಲಿಂಗವ್ವ ಮತ್ತೊಮ್ಮೆ ಹೇಳಿಸಿ ಕೇಳಿದರು. ಬೆರಳು ಮಡಚಿ ತಾಸುಗಳನ್ನು ತಾವೇ ಎಣಿಸಿದರು. ಆಮೇಲೆ ಡಬ್ಬಿಗೆ ಕೈ ಹಾಕಿ, ಒಂದು ಬದನೆಯನ್ನು ತೊಟ್ಟು ಹಿಡಿದು ಎತ್ತಿ, ಅರ್ಧ ಮುರಿದು ಸೊಸೆಯ ಅಂಗೈಗೆ ಇಟ್ಟರು. ತಾವೂ ತಿಂದರು.

"ಖರೇನ ಉಪ್ಪು ಕಡಿಮಿ," ಎಂದರು. ತೊಟ್ಟನ್ನು ಚೀಪುತ್ತ, ಬೀದಿಯ ಕಡೆ ನೋಡುತ್ತ ಕೇಳಿದರು: "ಲೀಲಾ, ನೀ ಒತ್ತತೀಯಲ್ಲ, ಆ ಗುಂಡಿ. ಆವತ್ತ ಇದ್ದಿದ್ರ ಅವ ಉಳೀತಿದ್ದನೇನು?"

ನಾಳೆ ಬೆಳಿಗ್ಗೆ ಎಂಟಕ್ಕೆ ಮತ್ತೆ ಆ ಗುಂಡಿಯ ಮುಂದೆ ನಿಲ್ಲಬೇಕು. ನಾಡಿದ್ದೂ. ಒತ್ತುವಾಗಲೆಲ್ಲ 'ಒಂದ ಗುಂಡಿ' ಎಂದ ಡಾಕ್ಟರ ಮಾತು ನೆನಪಾಗುತ್ತದೆ. ಆಗಲಿ. ಅದೊಂದನ್ನು ಹೊರಲು ತಾನೊಬ್ಬಳು ಸಾಕು ಎಂದು ಶಿವಲೀಲಾ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

"ಅದ ಯಾರಿಗೂ ಹೇಳಾಕ ಬರಂಗಿಲ್ಲರಿ, ಅತ್ತಿ," ಎಂದಳು. ಅಂಗೈಯಲ್ಲಿದ್ದ ಅರ್ಧವನ್ನು ಬಾಯಿಗಿಟ್ಟು, ಬೆರಳಿಗಂಟಿದ ಮಸಾಲೆಯನ್ನು ಒರೆಸದೆ ಹಾಗೆಯೇ ಇಟ್ಟುಕೊಂಡಳು.